ಇ-ಕ್ಯಾಡ್‌ಹೆರಿನ್ ನೆಗೆಟಿವ್ ಅಂದ್ರೆ ಹರಡಿದೆ ಅಂತಲ್ಲ
ಅಮ್ಮನ ಸ್ತನದ ಬಯಾಪ್ಸಿ ರಿಪೋರ್ಟಲ್ಲಿ ಇ-ಕ್ಯಾಡ್‌ಹೆರಿನ್ ನೆಗೆಟಿವ್ ಬಂದಿದೆ, ಕ್ಯಾನ್ಸರ್ ಹರಡಿಬಿಟ್ಟಿದ್ಯಾ ಅಂತ ಕೇಳಿದ್ರಲ್ಲ, ಹಂಗೇನಿಲ್ಲ ಸರ್. ನಾವು ಚಿಕ್ಕಬಳ್ಳಾಪುರದೋರು, ದ್ರಾಕ್ಷಿ ಲೆಕ್ಕದಲ್ಲೇ ಹೇಳ್ತೀನಿ, ಗೊಂಚಲಲ್ಲಿ ಹಣ್ಣು ಹಿಡ್ಕೊಂಡಿರೋ ಹಂಗೆ ಪಕ್ಕಪಕ್ಕದ ಜೀವಕೋಶಗಳನ್ನ ಈ ಪ್ರೋಟೀನ್ ಹಿಡ್ಕೊಂಡಿರುತ್ತೆ, ಅದು ಹೋದ್ರೆ (ನೆಗೆಟಿವ್ ಅಂದ್ರೆ ಇದೇ) ಒಂದೊಂದೇ ಬಿಡಿಯಾಗ್ತವೆ. ಲೋಬ್ಯುಲರ್ ಅನ್ನೋ ಸ್ತನ ಕ್ಯಾನ್ಸರ್ ವಿಧದಲ್ಲಿ ಇದು ಮಾಮೂಲಿ, ಆ ವಿಧ ಗುರ್ತಿಸೋಕೇ ಈ ಟೆಸ್ಟ್ ಮಾಡೋದು.

ಬಿಡಿಯಾಗಿದ್ದೆಲ್ಲ ಓಡಿಹೋಗಲ್ಲ. ಜೀವಕೋಶ ನಡೆಯೋಕೆ ಇಂಟೆಗ್ರಿನ್ ಬೇಕು (ಸುತ್ತಲಿನ ನೆಲೆಯನ್ನ ಹಿಡ್ಕೊಳ್ಳೋ ಪ್ರೋಟೀನ್), ಮುಂದೆ ಹಿಡಿಬೇಕು ಹಿಂದೆ ಬಿಡಬೇಕು, ಮಳೆ ಬಿದ್ದ ಹೊಲದಲ್ಲಿ ನಡೆದಂಗೆ, ಹಿಡಿತ ಜಾಸ್ತಿಯಾದ್ರೆ ಕಾಲು ಕಿತ್ತು ಬರಲ್ಲ, ಕಮ್ಮಿಯಾದ್ರೆ ಜಾರುತ್ತೆ. ಹರಡಿದ್ಯಾ ಅನ್ನೋದನ್ನ ಕಂಕುಳ ಗಂಟು, ಸ್ಕ್ಯಾನ್ ನೋಡಿನೇ ಹೇಳ್ಬೇಕು, ಡಾಕ್ಟರ್ ಹತ್ರ ಸ್ಟೇಜ್ ಎಷ್ಟು ಅಂತ ನೇರವಾಗಿ ಕೇಳಿ.