ಬಲಗೈ–ಎಡಗೈ ಮಾತು ಯಾರಿಗೆ ಹೇಳಿದ್ದು?

ಚರ್ಚಿನ ಕೆಲಸ ಮಾಡಿ ಮಾಡಿ ಮನಸ್ಸು ಮುರಿದುಕೊಂಡು ನನ್ನ ಹತ್ತಿರ ಸಲಹೆಗೆ ಬರುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಹಬ್ಬದ ಅಡುಗೆಯವರು, ಗಂಟೆ ಹೊಡೆಯುವವರು, ಬಲಿಪೀಠದ ಬಟ್ಟೆ ಒಗೆಯುವವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಹೇಳಿಸಿಕೊಳ್ಳದೆ ನೊಂದವರ ಬಗ್ಗೆ ಹೆಸರಿಲ್ಲದೆ ಬರೆಯಬೇಕಲ್ಲ ಎಂಬ ಬೇಸರ ನನಗಿದೆ.

ಅವರಲ್ಲಿ ಒಬ್ಬ ಹೆಂಗಸು ತೀರ್ಥಹಳ್ಳಿ ಕಡೆಯವರು. ಐವತ್ತು ದಾಟಿದೆ, ಗಂಡ ಇಲ್ಲ. ನಿದ್ದೆ ಬರಲ್ಲ, ಸುಮ್ನೆ ಸುಮ್ನೆ ಸೊಸೆ ಮೇಲೆ ರೇಗುತ್ತೇನೆ ಎಂದು ಬಂದಿದ್ದರು. ಚರ್ಚಿನ ವಿಷಯ ಹೊರಬಂದಿದ್ದು ತಡವಾಗಿ.

ಅವರ ಚರ್ಚಿಗೆ ಜಂಬಿಟ್ಟಿಗೆ ಮೆಟ್ಟಿಲು. ಮಲೆನಾಡಿನ ಮಳೆ ಗೊತ್ತಲ್ಲ, ಜೂನ್ ಹಿಡಿದರೆ ಪಾಚಿ ಕಟ್ಟಲು ಹೆಚ್ಚು ದಿನ ಬೇಡ. ಶನಿವಾರ ಸಂಜೆ ಇವರು ಬ್ಲೀಚಿಂಗ್ ಪೌಡರ್ ಎರಚಿ, ಮೋಟು ಪೊರಕೆಯಿಂದ ಒಂದೊಂದೇ ಮೆಟ್ಟಿಲು ಉಜ್ಜುತ್ತಾರೆ. ಕಲ್ಲಿನ ತೂತಿನೊಳಗಿನ ಪಾಚಿ ಪೊರಕೆಗೆ ಬರಲ್ಲ, ಅದಕ್ಕೆ ಹಳೇ ಚಾಕು. ಭಾನುವಾರ ಯಾರೂ ಜಾರಲ್ಲ. ಜಾರದೇ ಇದ್ದರೆ ಯಾರ ನೆನಪೂ ಆಗಲ್ಲ, ಅಲ್ವಾ?

ಹಬ್ಬದ ವಂದನಾರ್ಪಣೆಯಲ್ಲಿ ಶಾಮಿಯಾನದವರ ಹೆಸರು ಬಂತು, ಮೈಕ್ ಸೆಟ್‌ನವರದ್ದೂ ಬಂತು. ಇವರದ್ದು ಬರಲಿಲ್ಲ. ಕಮಿಟಿಯವರೊಬ್ಬರ ಹತ್ತಿರ ಹೇಳಿಕೊಂಡರೆ, “ಬಲಗೈ ಕೊಟ್ಟಿದ್ದು ಎಡಗೈಗೆ ತಿಳೀಬಾರದು ಅಂತ ಯೇಸುಸ್ವಾಮಿನೇ ಹೇಳಿಲ್ವಾ?” ಎಂದರಂತೆ.

“ಅವತ್ತಿಂದ ನನ್ನ ಮೇಲೇ ನಂಗೆ ಹೇಸಿಗೆ ಮೇಡಂ. ಶಾಲು ಬೇಡ. ತೊಳೆದಿದ್ದು ಯಾರು ಅಂತ ಒಬ್ರಿಗಾದ್ರೂ ಗೊತ್ತಿರ್ಲಿ ಅನ್ಸಿತ್ತು. ಅಷ್ಟು ಆಸೆಪಟ್ಟಿದ್ದೂ ಪಾಪನಾ?”

ನಿದ್ದೆ ಕೆಡಿಸಿದ್ದು ಈ ಪ್ರಶ್ನೆ. ಪಾಪ ಅಲ್ಲ ಎಂದು ನೇರವಾಗಿ ಹೇಳಿದೆ. ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದ ಆ ಮಾತು ಕೊಡುವವರಿಗೆ ಹೇಳಿದ್ದು. ಪಡೆದವರು ಬಾಯಿ ಮುಚ್ಚಿಕೊಂಡಿರಲು ಅದು ನೆಪವಲ್ಲ. ತಾವು ವಾಸಿಮಾಡಿದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬನೇ ಧನ್ಯವಾದ ಹೇಳಲು ತಿರುಗಿ ಬಂದಾಗ, ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಕೇಳಿದ್ದೂ ಅದೇ ಯೇಸುಸ್ವಾಮಿ.

ಆಮೇಲೆ ಬೈಬಲಿನಲ್ಲೇ ಇರುವ, ಪ್ರೇಷಿತ ಪೌಲರು ರೋಮನರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ಅವರಿಂದಲೇ ಓದಿಸಿದೆ. ತ್ರುಫೈನ, ತ್ರುಫೋಸ, ಪೆರ್ಸೀಸ ಎಂಬ ಹೆಂಗಸರು ಪ್ರಭುವಿಗಾಗಿ ದುಡಿದವರೆಂದು ಪೌಲರು ಹೆಸರು ಹಿಡಿದು ವಂದಿಸುತ್ತಾರೆ. ಯಾವ ಕೆಲಸ ಅಂತ ಅಲ್ಲಿಲ್ಲ. ಪೌಲರು ಹೇಳಿದ್ದನ್ನು ಬರೆದುಕೊಂಡ ತೆರ್ತ್ಯ 22ನೇ ವಚನದಲ್ಲಿ, ಈ ಪತ್ರ ಬರೆದವನು ನಾನು ಎಂದು ತನ್ನ ವಂದನೆಯನ್ನೂ ಸೇರಿಸಿದ್ದಾನೆ. ಪೌಲರು ಅದನ್ನು ತೆಗೆಸಲಿಲ್ಲ.

ಕೆಲಸ ಬಿಡಬೇಡಿ, ಒಬ್ಬರೇ ಮಾಡಲೂಬೇಡಿ ಎಂದೆ. ಫಾದರ್ ಹತ್ತಿರ ಹೋಗಿ ಏನೇನು ಮಾಡುತ್ತೀರಿ ಎಂದು ಬಿಡಿಸಿ ಹೇಳಿ, ಮಳೆಗಾಲಕ್ಕೆ ಜೊತೆಗೆ ಜನ ಕೇಳಿ ಎಂದೆ.

ಇದು ಕ್ರೈಸ್ತರು ಕೊಡುವ ಸಲಹೆಯಲ್ಲ, ದೀನತೆ ಕಲಿಸಬೇಕಿತ್ತು ಎಂದು ಪರಿಚಯದವರೊಬ್ಬರು ಆಕ್ಷೇಪಿಸಿದರು. ದೀನತೆ ಅವರಲ್ಲಿ ಬೇಕಾದಷ್ಟಿತ್ತು. ಅದನ್ನು ಕಲಿಯಬೇಕಾದವರು ಆ ಮೆಟ್ಟಿಲು ಹತ್ತಿ ಹೋಗುವ ನಾವು. “ಎಲ್ಲರಿಗೂ ಧನ್ಯವಾದ” ಎಂದರೆ ಯಾರಿಗೂ ತಲುಪಲ್ಲ. ನಿಮ್ಮ ಚರ್ಚಿನಲ್ಲಿ ಯಾರು ಏನು ಮಾಡುತ್ತಾರೆ ಎಂದು ವಿಚಾರಿಸಿ. ಹೆಸರು ಹಿಡಿದು, ಮಾಡಿದ ಕೆಲಸ ಎತ್ತಿ ಹೇಳಿ. ವೇದಿಕೆ ಬೇಕಿಲ್ಲ.

ಫಾದರ್ ಪೂರ್ತಿ ಕೇಳಿಸಿಕೊಂಡರಂತೆ. ಈಗ ಶನಿವಾರ ಇಬ್ಬರು ಹುಡುಗರು ಬರುತ್ತಾರೆ, ಚಾಕು ಹಿಡಿಯುವುದನ್ನು ಇವರೇ ಕಲಿಸುತ್ತಿದ್ದಾರೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ಮುಂದಿನ ಸಲ ಸೊಸೆಯನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ. ಆ ಹುಡುಗಿ ಮನೆಯಲ್ಲಿ ಮಾಡುವ ಕೆಲಸದ ಬಗ್ಗೆಯೂ ಮಾತಾಡುವುದಿದೆ.