ಪ್ರಶ್ನೋತ್ತರ: ಇಬ್ಬರ ಸಂಬಳ, ಮಗುವಿನ ಡೇ ಕೇರ್ ಮತ್ತು ತೆರಿಗೆ

ಪ್ರಶ್ನೆ: ನನ್ನ ಸಂಬಳ ತಿಂಗಳಿಗೆ 45,000 ರೂಪಾಯಿ, ನಮ್ಮ ಯಜಮಾನರದ್ದು ಒಂದೂವರೆ ಲಕ್ಷ. ಎರಡು ವರ್ಷದ ಮಗಳ ಡೇ ಕೇರ್‌ಗೆ 14,000 ಕೊಡುತ್ತೇವೆ. ಈ ಖರ್ಚಿಗೆ ತೆರಿಗೆ ವಿನಾಯಿತಿ ಇಲ್ಲವೇ? ದಂಪತಿಗಳು ಒಂದೇ ರಿಟರ್ನ್ಸ್ ಸಲ್ಲಿಸುವ ಪದ್ಧತಿ ಬಂದರೆ ನಮಗೆ ಅನುಕೂಲವೇ? ನಮ್ಮ ಕಚೇರಿಯಲ್ಲಿ ಸುಮಾರು 80 ಜನರಿದ್ದೇವೆ.
(ಓದುಗರೊಬ್ಬರು, ಮೈಸೂರು)

ಉತ್ತರ: ಮೊದಲು ಎರಡನೆಯ ಪ್ರಶ್ನೆ. ನಮ್ಮಲ್ಲಿ ಗಂಡ ಹೆಂಡತಿಯರ ಸಂಬಳಕ್ಕೆ ತೆರಿಗೆಯ ಲೆಕ್ಕ ಬೇರೆ ಬೇರೆ. 2025-26ರಲ್ಲಿ ಹೊಸ ಪದ್ಧತಿಯಡಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲವಾದ್ದರಿಂದ, ವರ್ಷಕ್ಕೆ 5.40 ಲಕ್ಷ ದುಡಿಯುವ ನಿಮ್ಮ ತೆರಿಗೆ ಸೊನ್ನೆ. 18 ಲಕ್ಷ ದುಡಿಯುವ ನಿಮ್ಮ ಯಜಮಾನರದ್ದು ಸೆಸ್ ಸೇರಿ 1,50,800 ರೂಪಾಯಿ. ಲೆಕ್ಕವನ್ನು ಒಟ್ಟುಗೂಡಿಸಿ ಸ್ಲ್ಯಾಬ್‌ಗಳನ್ನು ಹಿಗ್ಗಿಸಿದರೆ ಮನೆಯ ಒಟ್ಟು ತೆರಿಗೆ ಇಳಿಯಬಹುದು, ನಿಜ. ಆದರೆ ಅವರ ಆದಾಯ ನಿಂತಲ್ಲಿಂದ ನಿಮ್ಮದು ಎಣಿಕೆಗೆ ಬರುತ್ತದೆ, ಅಂದರೆ ನಿಮ್ಮ ಮೊದಲ ರೂಪಾಯಿಗೂ ಮೇಲಿನ ಸ್ಲ್ಯಾಬ್‌ನ ದರವೇ ಬಿದ್ದಂತಾಗುತ್ತದೆ. ಕೆಲಸಕ್ಕೆ ಹೋಗುವುದೋ ಬಿಡುವುದೋ ಎಂದು ಮನೆಯಲ್ಲಿ ಚರ್ಚೆಯಾದಾಗ ನಿಮ್ಮ ಸಂಬಳವೇ ಹಗುರವಾಗಿ ಕಾಣುತ್ತದೆ. 1958ರಿಂದ ದಂಪತಿಗಳ ಆದಾಯವನ್ನು ಕೂಡಿಸಿ ಭಾಗಿಸುತ್ತಿರುವ ಜರ್ಮನಿಯಲ್ಲಿ ಇದೇ ಆಕ್ಷೇಪ ಇಂದಿಗೂ ಕೇಳಿಬರುತ್ತಿದೆ.

ಇನ್ನು ಡೇ ಕೇರ್. ಹಳೆಯ ಪದ್ಧತಿಯ 80ಸಿ ಅಡಿ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿಯುಂಟು, ಪ್ಲೇ ಸ್ಕೂಲ್ ಕೂಡ ಅದರಲ್ಲಿ ಸೇರುತ್ತದೆ. ಮಗುವನ್ನು ನೋಡಿಕೊಳ್ಳುವ ಶುಲ್ಕ ಸೇರುವುದಿಲ್ಲ. ಕೆನಡಾದಲ್ಲಿ ಏಳು ವರ್ಷದೊಳಗಿನ ಮಗುವಿಗೆ 8,000 ಡಾಲರ್‌ವರೆಗಿನ ಪಾಲನಾ ವೆಚ್ಚವನ್ನು ಸಾಮಾನ್ಯವಾಗಿ ಕಡಿಮೆ ಆದಾಯದ ಪೋಷಕರ ಲೆಕ್ಕದಲ್ಲಿ ಕಳೆಯಬಹುದು. ಅದನ್ನೇ ಇಲ್ಲಿ ತಂದರೂ ನಿಮಗೆ ಸಿಗುವುದೇನು? ನೀವು ವರ್ಷಕ್ಕೆ ಕೊಡುವ 1.68 ಲಕ್ಷವನ್ನು ನಿಮ್ಮ ಆದಾಯದಿಂದ ಕಳೆದರೂ, ಮೊದಲೇ ಸೊನ್ನೆಯಾಗಿರುವ ತೆರಿಗೆ ಸೊನ್ನೆಯೇ. ಆದ್ದರಿಂದ ನಿಮ್ಮಂಥವರಿಗೆ ವಿನಾಯಿತಿಗಿಂತ ನೇರ ಸಹಾಯಧನ ಅಥವಾ ಶಿಶುವಿಹಾರವೇ ಮೇಲು ಎಂಬುದು ನನ್ನ ಅಭಿಪ್ರಾಯ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಯೋಜನೆ ಹಿಡಿದದ್ದು ಇದೇ ದಾರಿ.

ನಿಮ್ಮ ಪತ್ರದ ಕೊನೆಯ ಸಾಲೇ ಹೆಚ್ಚು ಕೆಲಸಕ್ಕೆ ಬರುವಂಥದ್ದು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುವಿಹಾರದ ಸೌಲಭ್ಯ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲು ಬಿಡಬೇಕು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ವಿಧಿಸಿತು. ಆಡಳಿತ ಮಂಡಳಿಯನ್ನು ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಬರೆದುಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.