ಬಳ್ಳಾರಿಯ ಬಿಸಿಲಿನಿಂದ ಐಸ್‌ಲ್ಯಾಂಡಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ದಂಪತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು 68 ವರ್ಷದ ನಮ್ಮ ತಾಯಿಯವರು ಬರುವ ಬೇಸಿಗೆ ರಜೆಯಲ್ಲಿ ಒಂದು ವಾರ ಐಸ್‌ಲ್ಯಾಂಡ್ ನೋಡಿಬರಬೇಕೆಂದಿದ್ದೇವೆ. ಅಷ್ಟು ದಿನಗಳಲ್ಲಿ ಇಡೀ ದೇಶವನ್ನು ಕಾರಿನಲ್ಲಿ ಸುತ್ತಬಹುದೆಂದು ಪರಿಚಯದವರು ಹೇಳುತ್ತಾರೆ. ಆಕಾಶದಲ್ಲಿ ಹಸಿರು ಬೆಳಕು ಆಡುವುದನ್ನು ನೋಡಬೇಕೆಂಬುದು ಮಕ್ಕಳ ಆಸೆ. ದಯವಿಟ್ಟು ಸಲಹೆ ನೀಡಿ.
– ಓದುಗರು, ಬಳ್ಳಾರಿ

ಉತ್ತರ: ದೇಶವನ್ನು ಸುತ್ತುವರಿದಿರುವ ಒಂದನೆಯ ನಂಬರಿನ ಹೆದ್ದಾರಿಯ ಉದ್ದ ಸುಮಾರು 1,300 ಕಿಲೋಮೀಟರು. ಲೆಕ್ಕಕ್ಕೆ ಅದು ಒಂದು ವಾರದಲ್ಲಿ ಮುಗಿಯುತ್ತದೆ. ಆದರೆ ತಾಯಿಯವರನ್ನೂ ಮಕ್ಕಳನ್ನೂ ದಿನವಿಡೀ ಕಾರಿನಲ್ಲಿ ಕೂರಿಸಿ ಮುಗಿಸಬೇಕಾಗುತ್ತದೆ, ಒಂದು ದಿನ ಬಿರುಗಾಳಿಗೆ ರಸ್ತೆ ಮುಚ್ಚಿದರೆ ಮುಂದಿನ ಊರುಗಳ ಕೋಣೆ ಬುಕಿಂಗ್ ಎಲ್ಲವೂ ತಲೆಕೆಳಗಾಗುತ್ತದೆ. ಸುತ್ತುವ ಆಸೆಯನ್ನು ಬಿಟ್ಟು ರಾಜಧಾನಿ ರೇಕ್ಯಾವಿಕ್‌ನಿಂದ ದಕ್ಷಿಣ ಕರಾವಳಿಯ ಉದ್ದಕ್ಕೂ ಯೋಕುಲ್‌ಸಾರ್ಲೋನ್ ಎಂಬ ಹಿಮಸರೋವರದವರೆಗೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುವುದು ಒಳ್ಳೆಯದು. ಒಂದು ಕಡೆಗೆ ಸುಮಾರು 370 ಕಿಲೋಮೀಟರು, ಅಂದರೆ ಬಳ್ಳಾರಿಯಿಂದ ಬೆಂಗಳೂರಿಗಿಂತ ತುಸು ಹೆಚ್ಚು. ಹೋಗುವಾಗ ಮಳೆ ಮುಸುಕಿದ ಜಾಗವನ್ನು ಬರುವಾಗ ಬಿಸಿಲಿನಲ್ಲಿ ನೋಡುವ ಅವಕಾಶವೂ ಸಿಗುತ್ತದೆ.

ಮೊದಲ ದಿನ ಸಿಂಗ್‌ವೆಟ್ಲಿರ್ ನೋಡಿ. ಉತ್ತರ ಅಮೆರಿಕ ಮತ್ತು ಯುರೇಷಿಯಾದ ಭೂಫಲಕಗಳು (ಭೂಮಿಯ ಹೊರಪದರದ ಬೃಹತ್ ತುಂಡುಗಳು) ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಒಂದರಿಂದೊಂದು ದೂರ ಸರಿಯುತ್ತಿರುವ ಸೀಳು ಕಣಿವೆ ಅದು, ಕ್ರಿ.ಶ. 930ರಿಂದ ಐಸ್‌ಲ್ಯಾಂಡಿನ ಜನಸಭೆ ಸೇರುತ್ತಿದ್ದುದೂ ಅಲ್ಲಿಯೇ. ಕಪ್ಪು ಬಂಡೆಗಳ ನಡುವಿನ ಓಣಿಯಲ್ಲಿ ಮಕ್ಕಳನ್ನು ನಿಲ್ಲಿಸಿ ನಮ್ಮೂರಿನ ಕಲ್ಲಿನ ಮಾತು ತೆಗೆಯಿರಿ. ಬಳ್ಳಾರಿ ಕೋಟೆ ನಿಂತಿರುವ ಬಂಡೆಗುಡ್ಡ, ಹಂಪಿ ಆನೆಗೊಂದಿಗಳ ಗುಂಡುಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಐಸ್‌ಲ್ಯಾಂಡಿನಲ್ಲಿ ಅತ್ಯಂತ ಹಳೆಯದೆನ್ನುವ ಕಲ್ಲಿಗೂ ಎರಡು ಕೋಟಿ ವರ್ಷ ತುಂಬಿಲ್ಲ. ಇಷ್ಟು ಗೊತ್ತಿದ್ದವರಿಗೆ ಮುಂದಿನ ಪ್ರತಿಯೊಂದು ದೃಶ್ಯವೂ ಬೇರೆಯಾಗಿ ಕಾಣುತ್ತದೆ. ಅಲ್ಲಿಂದ ಮುಂದೆ ಕೆಲವೇ ನಿಮಿಷಗಳಿಗೊಮ್ಮೆ ಚಿಮ್ಮುವ ಸ್ಟ್ರೋಕೂರ್ ಬಿಸಿನೀರಿನ ಬುಗ್ಗೆ ಇದೆ. ಚಿಮ್ಮುವ ಮುನ್ನ ಹೊಂಡದ ನೀರು ಒಮ್ಮೆ ಒಳಕ್ಕೆ ಸರಿದು, ನೀಲಿ ಗುಳ್ಳೆಯಾಗಿ ಉಬ್ಬಿ, ಆಮೇಲೆ ಒಡೆಯುತ್ತದೆ. ಮೊಬೈಲ್ ಹಿಡಿದು ಕಾಯುವವರು ಈ ಉಬ್ಬುವ ಕ್ಷಣವನ್ನೇ ತಪ್ಪಿಸಿಕೊಳ್ಳುತ್ತಾರೆ. ಸಮೀಪದ ಗುಲ್‌ಫಾಸ್ ಜಲಪಾತ ಎರಡು ಹಂತಗಳಲ್ಲಿ 32 ಮೀಟರು ಧುಮುಕುತ್ತದೆ.

ಕರಾವಳಿಯ ದಾರಿಯಲ್ಲಿ ಸೇಲ್ಯಾಲಂಡ್ಸ್‌ಫಾಸ್ ಜಲಪಾತದ ಬೆನ್ನ ಹಿಂದೆ ನಡೆದುಹೋಗಬಹುದು. ಆದರೆ ಕಲ್ಲು ಜಾರುವುದರಿಂದ ತಾಯಿಯವರಿಗೆ ಸ್ಕೋಗಾಫಾಸ್ ವಾಸಿ. ಸುಮಾರು 60 ಮೀಟರು ಎತ್ತರದ ಆ ಜಲಪಾತದ ಎದುರಿಗೆ ಸಮತಟ್ಟಾದ ನೆಲವಿದೆ. ವೀಕ್ ಊರಿನ ಬಳಿಯ ರೇನಿಸ್‌ಫ್ಯಾರಾದ ಕಪ್ಪು ಮರಳಿನ ತೀರದ ವಿಷಯದಲ್ಲಿ ಮಾತ್ರ ಖಂಡಿತವಾಗಿ ಹೇಳುತ್ತೇನೆ: ಸಮುದ್ರ ಶಾಂತವಾಗಿ ಕಂಡರೂ ಒಂದು ಅಲೆ ಇದ್ದಕ್ಕಿದ್ದಂತೆ ಬಹಳ ಮೇಲಕ್ಕೆ ಏರಿ ಬಂದು ಜನರನ್ನು ಎಳೆದೊಯ್ದಿದೆ, ಪ್ರಾಣಗಳೂ ಹೋಗಿವೆ. ಎಚ್ಚರಿಕೆಯ ದೀಪ ಏನು ಹೇಳುತ್ತದೋ ಅದನ್ನು ಪಾಲಿಸಿ, ಮಕ್ಕಳ ಕೈ ಬಿಡಬೇಡಿ, ಕಡಲಿಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಳ್ಳಬೇಡಿ.

ದಾರಿಯ ಕೊನೆಯ ಹಿಮಸರೋವರದಲ್ಲಿ ಅರ್ಧ ದಿನವನ್ನಾದರೂ ಕಳೆಯಿರಿ. ದೇಶದ ಸುಮಾರು ಶೇಕಡಾ 8ರಷ್ಟು ನೆಲವನ್ನು ಹೊದ್ದಿರುವ ವಾಟ್ನಾಯೋಕುಲ್ ಹಿಮರಾಶಿಯ ಒಂದು ಕವಲು ಹಿಂದೆ ಸರಿದಂತೆ ಈ ಸರೋವರ ಹುಟ್ಟಿತು. ಒಡೆದ ಹಿಮಬಂಡೆಗಳು ಮೆಲ್ಲನೆ ತೇಲುತ್ತಾ ಕಡಲಿಗೆ ಸೇರಿ, ಎದುರಿನ ಕಪ್ಪು ಮರಳಿನ ಮೇಲೆ ಗಾಜಿನ ಚೂರುಗಳಂತೆ ಬಿದ್ದಿರುತ್ತವೆ.

ಇನ್ನು ಹಸಿರು ಬೆಳಕು, ಅಂದರೆ ಅರೋರಾ ಎಂಬ ಧ್ರುವಪ್ರಭೆ. ಏಪ್ರಿಲ್ ಮಧ್ಯದ ಹೊತ್ತಿಗೆ ಅಲ್ಲಿ ರಾತ್ರಿಯ ಕತ್ತಲೆಯೇ ಕಡಿಮೆಯಾಗುತ್ತದೆ, ಮೇ ಕೊನೆಗೆ ಸರಿಯಾಗಿ ಕತ್ತಲಾಗುವುದೇ ಇಲ್ಲ. ಆದ್ದರಿಂದ ಬೇಸಿಗೆ ರಜೆಯಲ್ಲಿ ಅದು ಕಾಣುವುದಿಲ್ಲವೆಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಅದೇ ಮುಖ್ಯವಾದರೆ ದಸರಾ ರಜೆ ಆರಿಸಿಕೊಳ್ಳಬೇಕು. ಆಗಲೂ ಮೋಡ ಕವಿದರೆ ಏನೂ ಕಾಣದು. ನಿಮ್ಮ ಕುಟುಂಬಕ್ಕೆ ನಾನು ಮೇ ತಿಂಗಳ ಎರಡನೆಯ ಭಾಗವನ್ನೇ ಸೂಚಿಸುತ್ತೇನೆ. ದೀರ್ಘ ಹಗಲಿರುತ್ತದೆ, ಪಫಿನ್ ಹಕ್ಕಿಗಳು ಕಡಲ ಬಂಡೆಗಳಿಗೆ ಬಂದಿರುತ್ತವೆ.

ಪ್ರಶ್ನೆ: ರಾಯಚೂರಿನ ಬಿಸಿಲಿನಲ್ಲಿ ಬೆಳೆದ ಮಕ್ಕಳಿಗೆ ಅಲ್ಲಿನ ಚಳಿ ತಡೆಯುತ್ತದೆಯೇ? ಯಾವ ಬಟ್ಟೆ ಒಯ್ಯಬೇಕು?
– ಓದುಗರು, ಸಿಂಧನೂರು

ಉತ್ತರ: ಅಟ್ಲಾಂಟಿಕ್‌ನ ಬೆಚ್ಚನೆಯ ಸಾಗರ ಪ್ರವಾಹದಿಂದಾಗಿ ರೇಕ್ಯಾವಿಕ್‌ನಲ್ಲಿ ಜನವರಿಯ ಸರಾಸರಿ ಉಷ್ಣಾಂಶವೂ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಕಾಡುವುದು ಥರ್ಮಾಮೀಟರಿನ ಅಂಕಿಗಿಂತ ಹೆಚ್ಚಾಗಿ ಗಾಳಿ ಮತ್ತು ಅಡ್ಡ ಮಳೆ. ಒಂದು ದಪ್ಪ ಜರ್ಕಿನ್‌ಗಿಂತ ಒಳಗೆ ಉಣ್ಣೆಯ ತೆಳು ಅಂಗಿ, ಅದರ ಮೇಲೆ ಸ್ವೆಟರ್, ಎಲ್ಲಕ್ಕೂ ಮೇಲೆ ನೀರು ಗಾಳಿ ಎರಡನ್ನೂ ತಡೆಯುವ ಕೋಟು ಮತ್ತು ಪ್ಯಾಂಟು ಇರಲಿ. ಹತ್ತಿಯ ಬಟ್ಟೆ ಒದ್ದೆಯಾದರೆ ಬೇಗ ಒಣಗದೆ ಮೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ; ಜೀನ್ಸ್ ಮನೆಯಲ್ಲೇ ಇರಲಿ, ಕೊಡೆಯೂ ಬೇಡ. ಕಾರಿನ ಬಾಗಿಲನ್ನು ಒಂದು ಕೈಯಿಂದ ಗಟ್ಟಿಯಾಗಿ ಹಿಡಿದೇ ತೆರೆಯಲು ಮಕ್ಕಳಿಗೆ ಹೇಳಿಕೊಡಿ, ಏಕೆಂದರೆ ಗಾಳಿ ಅದನ್ನು ಹಿಂದಕ್ಕೆ ತಿರುಚಿಬಿಡುತ್ತದೆ ಮತ್ತು ಆ ನಷ್ಟವನ್ನು ಬಾಡಿಗೆ ಕಾರಿನ ವಿಮೆ ಅನೇಕ ವೇಳೆ ತುಂಬಿಕೊಡುವುದಿಲ್ಲ.

ಚಳಿಗೆ ಅಲ್ಲಿಯವರ ಮದ್ದು ಊರೂರಿನ ಬಿಸಿನೀರಿನ ಈಜುಕೊಳ. ಕೊಳಕ್ಕಿಳಿಯುವ ಮುನ್ನ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾಗಿರುವ ಸ್ನಾನದ ಕೋಣೆಯಲ್ಲಿ ಬಟ್ಟೆಯಿಲ್ಲದೆ ಸೋಪು ಹಚ್ಚಿ ಮೈ ತೊಳೆದುಕೊಳ್ಳುವುದು ಕಡ್ಡಾಯ. ನಮ್ಮ ಕಡೆಯವರಿಗೆ ಇದು ಮುಜುಗರವೆನಿಸುವುದು ಸಹಜವಾದ್ದರಿಂದ ಹೊರಡುವ ಮೊದಲೇ ಮನೆಯ ಹೆಣ್ಣುಮಕ್ಕಳೊಡನೆ ಮಾತಾಡಿಕೊಳ್ಳಿ. ಮರೆಯಿರುವ ಸ್ನಾನದ ಕೋಣೆಗಳು ಕೆಲವು ಕಡೆ ಸಿಗುತ್ತವೆ, ಕೇಳಿ ನೋಡಿ.

ಪ್ರಶ್ನೆ: ವೀಸಾ ಮತ್ತು ಡ್ರೈವಿಂಗ್ ಲೈಸೆನ್ಸಿನ ವ್ಯವಸ್ಥೆ ಹೇಗೆ? ನಾವು ಅಪ್ಪಟ ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡಬೇಕು?
– ಓದುಗರು, ಗಂಗಾವತಿ

ಉತ್ತರ: ಬೇಕಾಗಿರುವುದು ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಇರಲೇಬೇಕು. ಕಾರು ಓಡಿಸುವವರು ಆರ್‌ಟಿಒ ಕಚೇರಿಯಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಮೂಲ ಲೈಸೆನ್ಸನ್ನೂ ಜೊತೆಗೆ ಒಯ್ಯಿರಿ. ಅಲ್ಲಿ ವಾಹನ ಬಲಬದಿಯಲ್ಲಿ ಓಡುತ್ತದೆ, ಡಾಂಬರು ರಸ್ತೆಯಲ್ಲಿ ಗಂಟೆಗೆ 90 ಕಿಲೋಮೀಟರಿನ ಮಿತಿ ಇದೆ, ರಸ್ತೆ ಬಿಟ್ಟು ಪಾಚಿಯ ಮೇಲೆ ಗಾಡಿ ಇಳಿಸುವುದು ಅಪರಾಧ.

ಊಟ ದುಬಾರಿ. ಹೋಟೆಲಿಗಿಂತ ಅಡುಗೆಮನೆಯಿರುವ ಗೆಸ್ಟ್‌ಹೌಸ್ ಹಿಡಿದು, ಬೋನಸ್‌ನಂಥ ಸೂಪರ್‌ ಮಾರ್ಕೆಟ್‌ನಲ್ಲಿ ತರಕಾರಿ, ಬ್ರೆಡ್ಡು ಕೊಳ್ಳಿ. ಕಟಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳಿಗೆ ಫ್ರಿಜ್ ಬೇಕಿಲ್ಲ, ಜಲಪಾತದ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕುಳಿತೇ ಊಟ ಮುಗಿಸಬಹುದು. ಆದರೆ ಹಾಲಿನ ಪದಾರ್ಥಗಳ ಬಗ್ಗೆ ಅಲ್ಲಿನ ಕಸ್ಟಮ್ಸ್ ಕಟ್ಟುನಿಟ್ಟಾಗಿರುವುದರಿಂದ ಮನೆಯ ತುಪ್ಪ, ಪೇಡೆ ಒಯ್ಯದಿರುವುದೇ ಕ್ಷೇಮ. ಕುಡಿಯುವ ನೀರಿನ ಬಾಟಲಿ ಕೊಳ್ಳುವ ಅಗತ್ಯವಿಲ್ಲ. ನಲ್ಲಿಯ ತಣ್ಣೀರು ಶುದ್ಧವಾಗಿದೆ; ಬಿಸಿನೀರು ಅನೇಕ ಕಡೆ ನೆಲದೊಳಗಿನಿಂದಲೇ ಬರುವುದರಿಂದ ಗಂಧಕದ ವಾಸನೆ ಹೊಡೆಯುತ್ತದೆ, ಚಹಾಕ್ಕೂ ಅನ್ನಕ್ಕೂ ತಣ್ಣೀರನ್ನೇ ಹಿಡಿದು ಕಾಯಿಸಿಕೊಳ್ಳಿ.